ಪೆನ್ಸಿಲ್ ಕಡ್ಡಿಯ ತುದಿಯಲ್ಲಿ ಗ್ಲೂಕೋಸ್ ಸಂವೇದಕ: ಒಂದು ನಿರ್ಮಾಣ ಟಿಪ್ಪಣಿ

ಬೊಂಡದ ನೀರಿನಲ್ಲಿಯೂ ತೆಂಗಿನ ಹೊಂಬಾಳೆಯಿಂದ ಇಳಿಸಿದ ಕಲ್ಪರಸದಲ್ಲಿಯೂ ಇರುವ ಗ್ಲೂಕೋಸನ್ನು ಮನೆಯ ಮೇಜಿನ ಮೇಲೆಯೇ ಅಳೆಯಬಲ್ಲ ಕಿಣ್ವಾಧಾರಿತ ಸಂವೇದಕವೊಂದನ್ನು ಕಟ್ಟುವುದು ಈ ಕೆಲಸದ ಉದ್ದೇಶ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸುತ್ತಮುತ್ತ ತೆಂಗಿಗೆ ಬರವಿಲ್ಲ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಕಾಸರಗೋಡಿನಲ್ಲಿ ಆರಂಭವಾದ ಸಂಸ್ಥೆಯೇ ಇಂದು ನಾವೆಲ್ಲ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಎಂದು ಕರೆಯುವ ಕೂಡ್ಲಿನ ಸಂಶೋಧನಾಲಯ. ಹೊಂಬಾಳೆಯ ರಸವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಂಪಾಗಿಯೇ ಸಂಗ್ರಹಿಸುವ ವಿಧಾನವನ್ನು ರೂಪಿಸಿ, ಹೀಗೆ ದೊರೆತ ರಸಕ್ಕೆ ಕಲ್ಪರಸವೆಂದು ಹೆಸರಿಟ್ಟವರೂ ಅಲ್ಲಿಯವರೇ. ಆಗ ತಾನೇ ಇಳಿಸಿದ ರಸದಲ್ಲಿರುವ ಸಕ್ಕರೆ ಬಹುಪಾಲು ಸುಕ್ರೋಸ್. ರಸ ಹುಳಿಯಲು ತೊಡಗಿದಾಗ ಯೀಸ್ಟಿನ ಇನ್ವರ್ಟೇಸ್ ಕಿಣ್ವವು ಅದನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಆದುದರಿಂದ ಗ್ಲೂಕೋಸಿನ ಏರಿಕೆಯನ್ನು ಅಳೆದರೆ, ನಾಲಗೆಗೆ ವ್ಯತ್ಯಾಸ ತಿಳಿಯುವ ಮೊದಲೇ, ರಸ ಕಳ್ಳಿನ ದಾರಿ ಹಿಡಿದಿದೆಯೇ ಎಂಬುದನ್ನು ಹೇಳಬಹುದು.

ಈ ಉಪಕರಣ ರಕ್ತಪರೀಕ್ಷೆಗೆ ತಕ್ಕುದಲ್ಲ; ಅದಕ್ಕಾಗಿ ಯಾರೂ ಇದನ್ನು ಬಳಸಬಾರದು. ಹಾಗೆಯೇ, ಔಷಧದಂಗಡಿಯ ಗ್ಲೂಕೋಮೀಟರಿನ ಪಟ್ಟಿಗೆ ಬೊಂಡದ ನೀರು ಮುಟ್ಟಿಸಿದರೆ ಸಾಲದೇ ಎಂದು ಕೇಳುವವರಿಗೆ ಒಂದು ಮಾತು: ಆ ಪಟ್ಟಿಗಳ ಲೆಕ್ಕಾಚಾರವೆಲ್ಲ ರಕ್ತದ ಸಾಂದ್ರತೆ ಮತ್ತು ಕೆಂಪುಕಣಗಳ ಪ್ರಮಾಣಕ್ಕೆ ಹೊಂದಿಸಿದ್ದು. ಬೇರೆ ದ್ರವದಲ್ಲಿ ಅವು ತೋರಿಸುವ ಅಂಕಿಗೆ ಆಧಾರವಿಲ್ಲ.

ನ್ಯಾನೋ ವಸ್ತುವಿನ ಪಾತ್ರವೇನು

ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವು ಗ್ಲೂಕೋಸನ್ನು ಆಮ್ಲಜನಕದ ನೆರವಿನಿಂದ ಉತ್ಕರ್ಷಿಸಿ (ಅಂದರೆ ಅದರಿಂದ ಎಲೆಕ್ಟ್ರಾನ್ ಕಸಿದು) ಗ್ಲುಕೋನೋಲ್ಯಾಕ್ಟೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡನ್ನು ಉಂಟುಮಾಡುತ್ತದೆ. ಕಿಣ್ವವನ್ನು ಎಲೆಕ್ಟ್ರೋಡಿನ ಮೇಲೆ ಕೂರಿಸುವ ವಿಚಾರವನ್ನು ಲೇಲಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ 1962ರಲ್ಲಿ ಮುಂದಿಟ್ಟರು. ಅಂದಿನಿಂದ ಇಂದಿನವರೆಗಿನ ಬಹುಪಾಲು ಪ್ರಯತ್ನಗಳು ಒಂದೋ ಖರ್ಚಾದ ಆಮ್ಲಜನಕವನ್ನು, ಇಲ್ಲವೇ ಹುಟ್ಟಿದ ಪೆರಾಕ್ಸೈಡನ್ನು, ಅದೂ ಅಲ್ಲವಾದರೆ ಆಮ್ಲಜನಕದ ಬದಲಿಗೆ ಎಲೆಕ್ಟ್ರಾನ್ ಹೊರುವ ಮಧ್ಯವರ್ತಿಯೊಂದನ್ನು ಅಳೆಯುತ್ತವೆ.

ಇಂಗಾಲದ ಪರಮಾಣುಗಳ ಹಾಳೆ ಸುರುಳಿಯಾದಂತಿರುವ ಕಾರ್ಬನ್ ನ್ಯಾನೋಕೊಳವೆಯಾಗಲಿ ಆ ಹಾಳೆಯೇ ಆದ ಗ್ರಾಫೀನ್ ಆಗಲಿ ಈ ಮಧ್ಯವರ್ತಿಯ ಗೊಡವೆಯೇ ಇಲ್ಲದಂತೆ ಕಿಣ್ವದ ಒಡಲಿನಿಂದ ನೇರವಾಗಿ ಎಲೆಕ್ಟ್ರಾನನ್ನು ಎಳೆದುಕೊಳ್ಳುತ್ತದೆ ಎಂಬ ಹೇಳಿಕೆ ಸಂಶೋಧನಾ ಪ್ರಬಂಧಗಳಲ್ಲಿ ಹೇರಳವಾಗಿ ಸಿಗುತ್ತದೆ. ಕೆಲಸಕ್ಕೆ ಕೈ ಹಾಕುವ ಮೊದಲೇ ಈ ಮಾತನ್ನು ಪಕ್ಕಕ್ಕಿಟ್ಟುಬಿಡುವುದು ಲೇಸೆಂದು ನನ್ನ ಅಭಿಪ್ರಾಯ. ಸುಮಾರು 160 ಕಿಲೋಡಾಲ್ಟನ್ ತೂಗುವ ಈ ಕಿಣ್ವದಲ್ಲಿ ಎಲೆಕ್ಟ್ರಾನ್ ಹಿಡಿಯುವ ಎಫ್‌ಎಡಿ ಭಾಗವು ಪ್ರೋಟೀನಿನ ಆಳದಲ್ಲಿ ಹುದುಗಿದೆ. ವೋಲ್ಟೇಜನ್ನು ಏರಿಳಿಸುತ್ತ ವಿದ್ಯುತ್ ಪ್ರವಾಹವನ್ನು ದಾಖಲಿಸುವ ವೋಲ್ಟಮ್ಮೆಟ್ರಿಯಲ್ಲಿ ಕಾಣುವ ಸುಂದರವಾದ ಜೋಡಿ ಶಿಖರಗಳು ಕಿಣ್ವದಿಂದ ಕಳಚಿಕೊಂಡು ಕೊಳವೆಗೆ ಅಂಟಿದ ಎಫ್‌ಎಡಿಯಿಂದಲೂ ಬರಬಹುದು. ಇಂಥ ಹೇಳಿಕೆಗಳನ್ನು ಪರಿಶೀಲಿಸಿ, ಸಹಜ ಸ್ಥಿತಿಯಲ್ಲಿರುವ ಕಿಣ್ವದ ಮಟ್ಟಿಗೆ ಇವಕ್ಕೆ ಪುರಾವೆಯಿಲ್ಲವೆಂದು ಬಾರ್ಟ್ಲೆಟ್ ಮತ್ತು ಅಲ್-ಲೋಲಾಗೆ 2018ರಲ್ಲಿ ಬರೆದಿದ್ದಾರೆ. ಹಾಗಾದರೆ ನ್ಯಾನೋ ವಸ್ತುವಿನಿಂದ ಪ್ರಯೋಜನವಿಲ್ಲವೆಂದಲ್ಲ. ಅದಕ್ಕೆ ಇರುವುದು ಇದಕ್ಕಿಂತ ಸಾಧಾರಣವಾದ, ಆದರೆ ನಂಬಬಹುದಾದ ಎರಡು ಕೆಲಸಗಳು: ಹಿಡಿಯಷ್ಟು ಜಾಗದಲ್ಲಿ ಅಂಗಳದಷ್ಟು ಮೇಲ್ಮೈ ಒದಗಿಸುವುದು, ಮತ್ತು ಪೆರಾಕ್ಸೈಡನ್ನು ಕಡಿಮೆ ವಿಭವದಲ್ಲಿಯೇ (ವೋಲ್ಟೇಜಿನಲ್ಲಿಯೇ) ಹಿಡಿಯುವ ವಸ್ತುವಿಗೆ ಆಸರೆಯಾಗುವುದು.

ಕಡಿಮೆ ವಿಭವ ಏಕೆ ಬೇಕೆಂದರೆ, ಪ್ಲಾಟಿನಂ ಮೇಲೆ ಪೆರಾಕ್ಸೈಡನ್ನು ಉತ್ಕರ್ಷಿಸಲು ಬೆಳ್ಳಿ–ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡಿಗೆ ಹೋಲಿಸಿ 0.6ರಿಂದ 0.7 ವೋಲ್ಟ್ ಕೊಡಬೇಕಾಗುತ್ತದೆ. ಆ ಮಟ್ಟದಲ್ಲಿ ವಿಟಮಿನ್ ಸಿ, ಯೂರಿಕ್ ಆಮ್ಲ, ಪ್ಯಾರಸಿಟಮಾಲ್ ಮುಂತಾದವೂ ಉರಿದು ಗ್ಲೂಕೋಸಿನ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. ಪ್ರಷ್ಯನ್ ಬ್ಲೂ ಎಂಬ ಹಳೆಯ ನೀಲಿ ವರ್ಣದ್ರವ್ಯವಾದರೋ ಪೆರಾಕ್ಸೈಡನ್ನು ಶೂನ್ಯ ವೋಲ್ಟಿನ ಆಸುಪಾಸಿನಲ್ಲಿಯೇ ಅಪಕರ್ಷಿಸುತ್ತದೆ, ಅಂದರೆ ಅದಕ್ಕೆ ಎಲೆಕ್ಟ್ರಾನ್ ಕೊಡುತ್ತದೆ. 1990ರ ದಶಕದಲ್ಲಿ ಕಾರ್ಯಾಕಿನ್ ಮತ್ತು ಸಂಗಡಿಗರು ಇದನ್ನು ಗ್ಲೂಕೋಸ್ ಸಂವೇದಕಕ್ಕೆ ಒಗ್ಗಿಸಿದರು. ನಾನು ಆರಿಸಿಕೊಂಡದ್ದೂ ಇದನ್ನೇ: ಕೆಳಗೆ ನ್ಯಾನೋಕೊಳವೆ, ಅದರ ಮೇಲೆ ಪ್ರಷ್ಯನ್ ಬ್ಲೂ, ಅದರ ಮೇಲೆ ಕಿಣ್ವ, ಎಲ್ಲಕ್ಕೂ ಹೊರಗೆ ನಾಫಿಯಾನ್ ಎಂಬ ಪಾಲಿಮರಿನ ಪೊರೆ.

ವಿದ್ಯುನ್ಮಂಡಲ

ಎಲೆಕ್ಟ್ರೋಡಿನ ವಿಭವವನ್ನು ಸ್ಥಿರವಾಗಿಟ್ಟು ಪ್ರವಾಹವನ್ನು ಅಳೆಯುವ ಪೊಟೆನ್ಷಿಯೋಸ್ಟಾಟ್ ಭಾಗಕ್ಕೆ ಎಲ್‌ಎಂಪಿ 91000 ಎಂಬ ಚಿಪ್ಪನ್ನು, ಅಂಕೀಕರಣಕ್ಕೆ ಎಡಿಎಸ್ 1115ನ್ನು, ಎರಡನ್ನೂ ಆಳಲು ಇಎಸ್‌ಪಿ 32 ಮೈಕ್ರೋಕಂಟ್ರೋಲರ್ ಬೋರ್ಡನ್ನು ಬಳಸಿದೆ. ಮೊದಲ ಚಿಪ್ಪು ಬೆಸುಗೆಗೆ ಸಿಗಲಾರದಷ್ಟು ಚಿಕ್ಕದಾದುದರಿಂದ ಅದನ್ನು ಬ್ರೇಕ್‌ಔಟ್ ಬೋರ್ಡಿನ ಮೇಲೆ ಕೂರಿಸಿಯೇ ಕೊಳ್ಳುವುದು ಒಳ್ಳೆಯದು. ಎರಡೂ ಚಿಪ್ಪುಗಳ ಐ2ಸಿ ವಿಳಾಸ (ಹಂಚಿಕೊಂಡ ತಂತಿಗಳಲ್ಲಿ ಒಂದೊಂದು ಚಿಪ್ಪನ್ನು ಗುರುತಿಸುವ ಸಂಖ್ಯೆ) ಕಾರ್ಖಾನೆಯಿಂದ ಬರುವಾಗ ಹೆಕ್ಸ್ 48 ಆಗಿರುತ್ತದೆ. ಎಡಿಎಸ್ 1115ರ ವಿಳಾಸದ ಪಿನ್ನನ್ನು ಧನ ವೋಲ್ಟೇಜಿಗೆ ಕಟ್ಟಿ ಅದನ್ನು 49ಕ್ಕೆ ಸರಿಸದಿದ್ದರೆ ಎರಡೂ ಒಟ್ಟಿಗೆ ಉತ್ತರಿಸಿ ಗೊಂದಲವಾಗುತ್ತದೆ.

ವಿಭವವನ್ನು ಈ ಚಿಪ್ಪು ಆಧಾರ ವೋಲ್ಟೇಜಿನ ಶೇಕಡಾವಾರಿನಲ್ಲಿ ಮಾತ್ರ ಕೊಡುತ್ತದೆ. 3.3 ವೋಲ್ಟಿನ ಆಧಾರದಲ್ಲಿ ಋಣ 2 ಶೇಕಡಾ ಎಂದರೆ −66 ಮಿಲಿವೋಲ್ಟ್. ಪೆರಾಕ್ಸೈಡನ್ನು ಅಳೆಯಲು ಅದು ಸಾಕು. ಧನ 12 ಶೇಕಡಾ ಎಂದರೆ 0.396 ವೋಲ್ಟ್, ಪ್ರಷ್ಯನ್ ಬ್ಲೂ ಕೂರಿಸಲು ಬೇಕಾದ 0.4 ವೋಲ್ಟಿಗೆ ಅದು ಹೇಳಿ ಮಾಡಿಸಿದಂತಿದೆ. ಒಳಗಿನ 350 ಕಿಲೋಓಮ್ ರೋಧವನ್ನು ಆರಿಸಿ ಶೂನ್ಯವನ್ನು 50 ಶೇಕಡಾದಲ್ಲಿಟ್ಟರೆ ಎರಡೂ ದಿಕ್ಕಿಗೆ ಸುಮಾರು 4.7 ಮೈಕ್ರೋಆಂಪಿಯರಿನವರೆಗೆ ಅಳೆಯಬಹುದು. ಎಡಿಎಸ್ 1115ರ ಒಂದು ಮೆಟ್ಟಿಲು 125 ಮೈಕ್ರೋವೋಲ್ಟ್ ಆಗಿರುವಾಗ ಅದು 0.36 ನ್ಯಾನೋಆಂಪಿಯರಿಗೆ ಸಮ. ಪ್ರಷ್ಯನ್ ಬ್ಲೂ ಕೂರಿಸುವ ಹೊತ್ತಿಗೆ ಮಾತ್ರ ಪ್ರವಾಹ ಇದಕ್ಕಿಂತ ಬಹಳ ಹೆಚ್ಚಿರುವುದರಿಂದ ರೋಧವನ್ನು 2.75 ಕಿಲೋಓಮಿಗೆ ಇಳಿಸಬೇಕು.

ಇಡೀ ಜೋಡಣೆಯನ್ನು ಬಿಸ್ಕತ್ತಿನ ತಗಡಿನ ಡಬ್ಬಿಯೊಳಗಿಟ್ಟು, ಡಬ್ಬಿಯನ್ನು ಗ್ರೌಂಡಿಗೆ ಸೇರಿಸಿ, ಪವರ್‌ಬ್ಯಾಂಕಿನಿಂದ ನಡೆಸಿದೆ. ಗೋಡೆಯ ಚಾರ್ಜರಿಗೆ ಸಿಕ್ಕಿಸಿದರೆ 50 ಹರ್ಟ್ಸಿನ ಗುಂಯ್‌ಗುಡುವಿಕೆ ಅಳತೆಯನ್ನೇ ನುಂಗಿಬಿಡುತ್ತದೆ.

ಎಲೆಕ್ಟ್ರೋಡುಗಳು

ಅಳೆಯುವ ಕ್ರಿಯೆ ನಡೆಯುವ ಕಾರ್ಯ ಎಲೆಕ್ಟ್ರೋಡಿಗೆ ಕ್ಲಚ್ ಪೆನ್ಸಿಲಿನ 0.7 ಮಿಲಿಮೀಟರ್ ಕಡ್ಡಿಯನ್ನು ತೆಗೆದುಕೊಂಡೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ತುದಿಯ 5 ಮಿಲಿಮೀಟರ್ ಮಾತ್ರ ಹೊರಗುಳಿಯುವಂತೆ ಹೀಟ್ ಶ್ರಿಂಕ್ ಕೊಳವೆ ಹೊದಿಸಿದರೆ ತೆರೆದ ಮೇಲ್ಮೈ ಸುಮಾರು 0.11 ಚದರ ಸೆಂಟಿಮೀಟರ್ ಆಗುತ್ತದೆ. ನೇಲ್ ಪಾಲಿಷ್ ಹಚ್ಚುವುದು ಸುಲಭವೆನಿಸಿದರೂ ಮುಂದೆ 100 ಡಿಗ್ರಿಯಲ್ಲಿ ಕಾಯಿಸಬೇಕಾಗಿರುವುದರಿಂದ ಅದು ಇಲ್ಲಿ ನಿಲ್ಲದು. ಪ್ರವಾಹದ ಸುತ್ತನ್ನು ಪೂರ್ಣಗೊಳಿಸುವ ಪ್ರತಿ-ಎಲೆಕ್ಟ್ರೋಡಿಗೆ (ಕೌಂಟರ್ ಎಲೆಕ್ಟ್ರೋಡಿಗೆ) 2 ಮಿಲಿಮೀಟರಿನ ದಪ್ಪ ಕಡ್ಡಿ.

ವಿಭವವನ್ನು ಯಾವುದಕ್ಕೆ ಹೋಲಿಸಿ ಅಳೆಯುತ್ತೇವೋ ಆ ಆಧಾರ ಎಲೆಕ್ಟ್ರೋಡಿಗೆ ಬೆಳ್ಳಿಯ ತಂತಿ ಬೇಕು. ಆಭರಣದ ಬೆಳ್ಳಿಯಲ್ಲಿ ತಾಮ್ರ ಬೆರೆತಿರುವುದರಿಂದ ಅಪ್ಪಟ ಬೆಳ್ಳಿಯನ್ನೇ ಎಳೆಸಿ ತರಬೇಕಾಯಿತು. "ಅಪ್ಪಟದ್ದು ಮೆತ್ತಗೆ, ಅದರಲ್ಲಿ ಯಾವ ಕೆಲಸವೂ ಆಗ್ಲಿಕ್ಕಿಲ್ಲ ಮಾಷ್ಟ್ರೇ" ಎಂದು ಪೇಟೆಯ ಚಿನ್ನದ ಕೆಲಸದವರು ಎರಡೆರಡು ಸಲ ಎಚ್ಚರಿಸಿಯೇ ತಂತಿ ಎಳೆದುಕೊಟ್ಟರು. ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣದಲ್ಲಿ ಅದ್ದಿಟ್ಟಾಗ ತಂತಿಯ ಮೇಲೆ ಬೂದುಮಿಶ್ರಿತ ಕಂದು ಬಣ್ಣದ ಬೆಳ್ಳಿ ಕ್ಲೋರೈಡ್ ಪದರ ಕೂರುತ್ತದೆ. ಹೀಗೆ ಬರಿಯ ತಂತಿಯನ್ನೇ ದ್ರಾವಣದಲ್ಲಿ ಇಳಿಬಿಟ್ಟಾಗ ಅದರ ವಿಭವವು ಕ್ಲೋರೈಡಿನ ಪ್ರಮಾಣವನ್ನು ಅವಲಂಬಿಸಿರುತ್ತದೆ, ಕ್ಲೋರೈಡ್ ಹತ್ತು ಪಟ್ಟಾದರೆ ಸುಮಾರು 59 ಮಿಲಿವೋಲ್ಟ್ ಸರಿಯುತ್ತದೆ. ಬೊಂಡದ ನೀರಿನಲ್ಲಿಯೂ ಕ್ಲೋರೈಡ್ ಇರುವುದರಿಂದ ಎಲ್ಲ ದ್ರಾವಣಗಳಲ್ಲಿಯೂ 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡನ್ನು ಇಟ್ಟು, ಮಾದರಿಯನ್ನು ಅದರಲ್ಲಿ ನೂರು ಪಟ್ಟು ತೆಳುವಾಗಿಸಿದೆ. ಪ್ರಷ್ಯನ್ ಬ್ಲೂ ಕೆಲಸ ಮಾಡಲು ಪೊಟ್ಯಾಸಿಯಂ ಅಯಾನು ಹೇಗೂ ಬೇಕೇ ಬೇಕು. ಬಫರ್ 0.05 ಮೋಲಾರಿನ ಫಾಸ್ಫೇಟ್, ಪಿಎಚ್ 6. ಕಿಣ್ವಕ್ಕೆ 5.5ರ ಆಸುಪಾಸು ಇಷ್ಟ, ಪ್ರಷ್ಯನ್ ಬ್ಲೂ ಕ್ಷಾರದಲ್ಲಿ ಕರಗುತ್ತದೆ. 6 ಎಂಬುದು ಎರಡಕ್ಕೂ ಒಪ್ಪುವ ಮಟ್ಟ.

ಕೊಳವೆಗಳನ್ನು ಬಿಡಿಸುವುದು

ಬಹುಪದರದ ಕಾರ್ಬನ್ ನ್ಯಾನೋಕೊಳವೆ ಕಪ್ಪು ಮಸಿಯ ರೂಪದಲ್ಲಿ ಬರುತ್ತದೆ. ಒಣ ಪುಡಿ ಉಸಿರಿಗೆ ಸೇರಬಾರದು. ಫ್ಯಾನ್ ಆರಿಸಿ, ಮಾಸ್ಕ್ ಧರಿಸಿ, ಡಬ್ಬಿ ತೆರೆದೊಡನೆ ಕೆಲವು ಹನಿ ಆಲ್ಕೊಹಾಲಿನಿಂದ ನೆನೆಸಿಯೇ ಮುಂದುವರಿಯಬೇಕು. ಕಾರ್ಬಾಕ್ಸಿಲ್ ಗುಂಪುಗಳನ್ನು ಮೊದಲೇ ಜೋಡಿಸಿದ ಕೊಳವೆಗಳನ್ನು ಕೊಂಡರೆ ಕಟುವಾದ ಆಮ್ಲಗಳಲ್ಲಿ ಕುದಿಸುವ ಕೆಲಸ ತಪ್ಪುತ್ತದೆ. 1 ಶೇಕಡಾ ಅಸಿಟಿಕ್ ಆಮ್ಲದಲ್ಲಿ 0.5 ಶೇಕಡಾ ಕೈಟೋಸಾನ್ ಕರಗಿಸಿ, ಮಿಲಿಲೀಟರಿಗೆ 1 ಮಿಲಿಗ್ರಾಂ ಪ್ರಮಾಣದಲ್ಲಿ ಕೊಳವೆ ಸೇರಿಸಿ, ಕನ್ನಡಕ ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಇಟ್ಟೆ. ತೊಟ್ಟಿಯ ನೀರು ಬಿಸಿಯೇರದಂತೆ ಆಗಾಗ ಮಂಜುಗಡ್ಡೆ ಹಾಕುತ್ತಿರಬೇಕು. ಕೈಟೋಸಾನ್ ಸೀಗಡಿಯ ಚಿಪ್ಪಿನಿಂದ ಬರುವಂಥದ್ದು. ಅದರ ಉದ್ದನೆಯ ಸರಪಳಿ ಕೊಳವೆಗಳಿಗೆ ಸುತ್ತಿಕೊಂಡು ಅವು ಮತ್ತೆ ಗಂಟುಕಟ್ಟದಂತೆ ತಡೆಯುತ್ತದೆ.

ದ್ರಾವಣ ಸರಿಯಾಗಿದೆಯೇ ಎಂದು ನೋಡುವ ಬಗೆ ಹೀಗೆ: ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಹರಡಿ ಕಿಟಕಿಯ ಬೆಳಕಿಗೆ ಹಿಡಿದರೆ ಒಂದೇ ಸಮನಾದ ಹೊಗೆಬಣ್ಣ ಕಾಣಬೇಕು, ಅಲ್ಲಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆಗಳಿದ್ದರೆ ಇನ್ನೂ ಬಿಡಿಸಿಕೊಂಡಿಲ್ಲವೆಂದೇ ಅರ್ಥ. ರಾತ್ರಿಯಿಡೀ ನಿಲ್ಲಿಸಿ, ತಳದ ಗಸಿಯನ್ನು ಬಿಟ್ಟು ಮೇಲಿನದ್ದನ್ನು ಮಾತ್ರ ಬಳಸಿದೆ. ಕಡ್ಡಿಯನ್ನು ಅದರಲ್ಲಿ ಅದ್ದಿ ಒಣಗಿಸುವುದು, ಮತ್ತೊಮ್ಮೆ ಅದ್ದಿ ಒಣಗಿಸುವುದು. ಕೈಟೋಸಾನ್ ಆಮ್ಲದಲ್ಲಿ ಕರಗುವ ವಸ್ತು. ಮುಂದಿನ ಹಂತ ಆಮ್ಲದಲ್ಲಿಯೇ ನಡೆಯಬೇಕಾದುದರಿಂದ, ಒಣಗಿದ ಪೊರೆಯನ್ನು ಮುಚ್ಚಿದ ಬಾಟಲಿಯಲ್ಲಿ ಗ್ಲುಟರಾಲ್ಡಿಹೈಡಿನ ಆವಿಗೆ ಒಡ್ಡಿ ಗಟ್ಟಿಗೊಳಿಸುವುದು ಅಗತ್ಯ. ಈ ಆವಿ ಕಣ್ಣು ಮೂಗುಗಳನ್ನು ಉರಿಸುತ್ತದೆ. ಹೊರ ಜಗಲಿಯಲ್ಲಿ ಮಾಡುವ ಕೆಲಸವಿದು.

ಚಿನ್ನದ ನ್ಯಾನೋಕಣಗಳನ್ನೂ ಇದೇ ಜಾಗದಲ್ಲಿಟ್ಟು ನೋಡಿದ್ದೆ. 1951ರಲ್ಲಿ ಟರ್ಕೆವಿಚ್ ವಿವರಿಸಿದ ವಿಧಾನವಿದು: ಕುದಿಯುವ ಚಿನ್ನದ ಕ್ಲೋರೈಡ್ ದ್ರಾವಣಕ್ಕೆ ಸೋಡಿಯಂ ಸಿಟ್ರೇಟ್ ಸುರಿದಾಗ ಮಾಸಲು ಹಳದಿ ಬಣ್ಣ ಮೊದಲು ಮಾಯವಾಗಿ, ಬೂದುನೀಲಿಗೆ ತಿರುಗಿ, ನೇರಳೆಯನ್ನು ಹಾದು ಕೆಂಪು ವೈನಿನ ಬಣ್ಣದಲ್ಲಿ ನಿಲ್ಲುತ್ತದೆ. ನೋಡಲು ಬಲು ಚೆಂದ. ಆದರೆ −66 ಮಿಲಿವೋಲ್ಟಿನಲ್ಲಿ ಪೆರಾಕ್ಸೈಡನ್ನು ಹಿಡಿಯುವ ಕೆಲಸವನ್ನೆಲ್ಲ ಪ್ರಷ್ಯನ್ ಬ್ಲೂ ತಾನೇ ಮಾಡುತ್ತಿರುವಾಗ ಚಿನ್ನದಿಂದ ಸಿಕ್ಕಿದ ಹೆಚ್ಚಳ ಅದರ ಬೆಲೆಗೆ ತಕ್ಕದ್ದಾಗಿರಲಿಲ್ಲ.

ನೀಲಿ ಪದರ ಮತ್ತು ಹೋಲಿಕೆಯ ಎಲೆಕ್ಟ್ರೋಡುಗಳು

ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು ಫೆರಿಕ್ ಕ್ಲೋರೈಡ್ ತಲಾ 2.5 ಮಿಲಿಮೋಲಾರ್, ಜೊತೆಗೆ 0.1 ಮೋಲಾರಿನಂತೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ. ಬೆರೆಸಿದ ದ್ರಾವಣ ನಿಂತಷ್ಟೂ ತಾನಾಗಿಯೇ ಹಸಿರಾಗತೊಡಗುವುದರಿಂದ ಆಗಿಂದಾಗಲೇ ಬಳಸಬೇಕು. ಫೆರಿಸಯನೈಡಿಗೆ ಬಿಸಿಯಾದ ಅಥವಾ ಗಾಢವಾದ ಆಮ್ಲ ತಾಗಿದರೆ ವಿಷಾನಿಲ ಬರುತ್ತದೆಯೆಂಬುದನ್ನು ಮರೆಯುವಂತಿಲ್ಲ. 0.396 ವೋಲ್ಟಿನಲ್ಲಿ ಒಂದು ನಿಮಿಷ ಹಿಡಿದು, ತೊಳೆದು, 100 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದಾಗ ಕಡ್ಡಿಯ ಕಪ್ಪಿನ ಮೇಲೆ, ಭೂತಗನ್ನಡಿಯಲ್ಲಿ ನೋಡಿದರೆ, ನವಿಲಿನ ಕೊರಳಿನ ನೀಲಿಯ ಹೊಳಪು ತೆಳುವಾಗಿ ಕಾಣುತ್ತದೆ.

ಕಿಣ್ವ ಹಾಕುವ ಮೊದಲು ಪೆರಾಕ್ಸೈಡಿನಲ್ಲಿಯೇ ಪರೀಕ್ಷಿಸುವುದು ನನ್ನ ದೃಷ್ಟಿಯಲ್ಲಿ ಈ ಕೆಲಸದ ತಿರುಳು. ಔಷಧದಂಗಡಿಯ 6 ಶೇಕಡಾ ಪೆರಾಕ್ಸೈಡ್ ಸುಮಾರು 1.76 ಮೋಲಾರ್, ಹಳೆಯ ಬಾಟಲಿಯ ಬಲ ಕುಂದಿರುವುದರಿಂದ ಪರ್ಮಾಂಗನೇಟಿನಿಂದ ಟೈಟ್ರೇಟ್ ಮಾಡಿ ತಿಳಿದುಕೊಳ್ಳಬೇಕು. ಬರಿಯ ಕಡ್ಡಿ, ಕೊಳವೆ ಮಾತ್ರ ಇರುವ ಕಡ್ಡಿ, ನೀಲಿ ಮಾತ್ರ ಇರುವ ಕಡ್ಡಿ, ಎರಡೂ ಇರುವ ಕಡ್ಡಿ, ಇವೆಲ್ಲಕ್ಕೂ 0.1 ಮಿಲಿಮೋಲಾರ್ ಪೆರಾಕ್ಸೈಡ್ ಕೊಟ್ಟೆ. ಬರಿಯ ಕಡ್ಡಿ ಕದಲಲಿಲ್ಲ. ಕೊಳವೆ ಮಾತ್ರ ಇದ್ದದ್ದು ಅತ್ಯಲ್ಪ ಪ್ರವಾಹ ತೋರಿತು. ಅದಕ್ಕೂ ಕೊಳವೆಗಳ ತಯಾರಿಕೆಯಲ್ಲಿ ಉಳಿದ ಲೋಹದ ಕಣಗಳೇ ಕಾರಣವಾಗಿರಬಹುದು, ಏಕೆಂದರೆ ಕೊಳವೆಯದೆಂದು ನಂಬಿದ್ದ ವೇಗವರ್ಧನೆ ಕೆಲವು ಕಡೆ ಆ ಕಲ್ಮಶದ್ದೆಂದು ಕಾಂಪ್ಟನ್ ಅವರ ತಂಡ 2006ರಲ್ಲಿಯೇ ತೋರಿಸಿತ್ತು. ನೀಲಿ ಮಾತ್ರ ಇದ್ದದ್ದು ಸುಮಾರು 1 ಮೈಕ್ರೋಆಂಪಿಯರ್ ಕೊಟ್ಟಿತು, ಎರಡೂ ಇದ್ದದ್ದು ಅದರ ಇಮ್ಮಡಿಗಿಂತ ತುಸು ಹೆಚ್ಚು. ಅಂದರೆ ಪೆರಾಕ್ಸೈಡನ್ನು ಹಿಡಿದದ್ದು ನೀಲಿ. ಆ ನೀಲಿ ಹೆಚ್ಚು ಕೂರಲು ಜಾಗ ಕೊಟ್ಟದ್ದು ಕೊಳವೆ. ಆ ಜಾಗಕ್ಕೂ ಬೆಲೆಯಿದೆ: ಮೇಲ್ಮೈ ಹೆಚ್ಚಿದಷ್ಟೂ ಅದು ಹಿಡಿದಿಡುವ ವಿದ್ಯುದಾವೇಶವೂ ಹೆಚ್ಚಿ, ವಿಭವ ಕೊಟ್ಟ ಮೇಲೆ ಹಿನ್ನೆಲೆ ಪ್ರವಾಹ ತಣಿಯಲು ಕಾಲು ಗಂಟೆ ಕಾಯಬೇಕಾಗುತ್ತದೆ.

ಕಿಣ್ವ, ಪೊರೆ, ಅಳತೆ

ಆಸ್ಪರ್ಜಿಲಸ್ ನೈಜರ್ ಶಿಲೀಂಧ್ರದಿಂದ ತೆಗೆದ ಕಿಣ್ವವನ್ನು ಕೊಳ್ಳುವಾಗ ಅದರಲ್ಲಿ ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವ ಎಷ್ಟಿದೆಯೆಂದು ನೋಡಬೇಕು. ಅದು ಪೆರಾಕ್ಸೈಡನ್ನು ನಾವು ಅಳೆಯುವ ಮೊದಲೇ ಒಡೆದುಬಿಡುತ್ತದೆ. ಮಿಲಿಲೀಟರಿಗೆ 10 ಮಿಲಿಗ್ರಾಂ ಕಿಣ್ವ, 5 ಶೇಕಡಾ ಗೋವಿನ ಸೀರಮ್ ಆಲ್ಬುಮಿನ್, 0.25 ಶೇಕಡಾ ಗ್ಲುಟರಾಲ್ಡಿಹೈಡ್ ಬೆರೆಸಿ ತುದಿಗೆ ಹಚ್ಚಿ ಒಣಗಲು ಬಿಟ್ಟೆ. ಗ್ಲುಟರಾಲ್ಡಿಹೈಡ್ ಹೆಚ್ಚಾದರೆ ಪದರ ಗಟ್ಟಿಯಾಗುತ್ತದೆ, ಕಿಣ್ವ ಸಾಯುತ್ತದೆ. ಕಿಣ್ವವಿಲ್ಲದೆ ಆಲ್ಬುಮಿನ್ ಮಾತ್ರ ಹಚ್ಚಿದ ಜೋಡಿ ಕಡ್ಡಿಯನ್ನೂ ಮಾಡಿಟ್ಟುಕೊಳ್ಳಬೇಕು. ಅದು ಗ್ಲೂಕೋಸಿಗೆ ಸ್ಪಂದಿಸಿದರೆ ಬೇರೇನೋ ನುಸುಳಿದೆಯೆಂದು ಗೊತ್ತಾಗುತ್ತದೆ.

ಪೊರೆಯಿಲ್ಲದ ಸಂವೇದಕ ಗ್ಲೂಕೋಸ್ ಹೆಚ್ಚಿದಂತೆ ಬೇಗನೆ ಮಣಿದುಬಿಡುತ್ತದೆ. ಗಾಳಿಯೊಡನೆ ಸಮತೋಲದಲ್ಲಿರುವ ನೀರಿನಲ್ಲಿ ಆಮ್ಲಜನಕ ಇರುವುದೇ ಸುಮಾರು 0.25 ಮಿಲಿಮೋಲಾರ್, ಅದಕ್ಕಿಂತ ಹಲವು ಪಟ್ಟು ಗ್ಲೂಕೋಸ್ ಬಂದು ಕುಳಿತರೆ ಕಿಣ್ವಕ್ಕೆ ಉಸಿರು ಸಾಲದು. ಹೊರಗೆ 1 ಶೇಕಡಾ ನಾಫಿಯಾನಿನ ಪೊರೆ ಹಚ್ಚಿದಾಗ ಗ್ಲೂಕೋಸ್ ಒಳಬರುವ ವೇಗ ತಗ್ಗಿ, ಸಂವೇದನೆ 1 ಮಿಲಿಮೋಲಾರಿಗೆ ಸುಮಾರು 0.3 ಮೈಕ್ರೋಆಂಪಿಯರಿಗೆ ಇಳಿಯಿತು. ಆದರೆ ಸರಳರೇಖೆ 4 ಮಿಲಿಮೋಲಾರಿನವರೆಗೆ ಚಾಚಿತು. ಪೊರೆಯ ಋಣಾವೇಶವು ವಿಟಮಿನ್ ಸಿಯ ಅಯಾನನ್ನೂ ದೂರವಿಡುತ್ತದೆ. ಉಪಯೋಗಕ್ಕೆ ಬರುವ ವ್ಯಾಪ್ತಿಯನ್ನು ನಿರ್ಧರಿಸುವುದು ಕೆಳಗಿರುವ ನ್ಯಾನೋ ಪದರವಲ್ಲ, ಯಾರೂ ಹೆಚ್ಚು ಮಾತನಾಡದ ಈ ಹೊರಪೊರೆ.

ಸಂವೇದಕದ ಮಾಪನಾಂಕನಕ್ಕೆ (ಕ್ಯಾಲಿಬ್ರೇಷನ್ನಿಗೆ) ಬೇಕಾದ ಗ್ಲೂಕೋಸ್ ದ್ರಾವಣವನ್ನು ಹಿಂದಿನ ದಿನವೇ ಮಾಡಿಡಬೇಕು. ಕಿಣ್ವ ಗುರುತಿಸುವುದು ಬೀಟಾ ರೂಪವನ್ನು ಮಾತ್ರ. ಪುಡಿಯಲ್ಲಿರುವುದು ಸಾಮಾನ್ಯವಾಗಿ ಆಲ್ಫಾ. ನೀರಿನಲ್ಲಿ ನಿಂತು ಬೀಟಾ 64 ಶೇಕಡಾ, ಆಲ್ಫಾ 36 ಶೇಕಡಾ ಆಗುವವರೆಗೆ ಅಳತೆ ಮೇಲೇರುತ್ತಲೇ ಇರುತ್ತದೆ.

ಬೊಂಡದ ನೀರನ್ನು ನೂರು ಪಟ್ಟು ತೆಳುವಾಗಿಸಿ ಅಳೆದಾಗ 1.1 ಮಿಲಿಮೋಲಾರಿನ ಆಸುಪಾಸು ಬಂತು. ಅಂದರೆ ಮೂಲದಲ್ಲಿ ಲೀಟರಿಗೆ ಸುಮಾರು 20 ಗ್ರಾಂ. ಅದೇ ಮಾದರಿಗೆ ಗೊತ್ತಿರುವಷ್ಟು ಗ್ಲೂಕೋಸ್ ಸೇರಿಸಿ ಏರಿಕೆ ನೋಡಿದಾಗಲೂ ಲೆಕ್ಕ ಹೊಂದಿತು. ಕಲ್ಪರಸದಲ್ಲಿ ಆರಂಭದ ಗ್ಲೂಕೋಸ್ ಕಡಿಮೆಯಿರುವುದರಿಂದ ಇಪ್ಪತ್ತು ಪಟ್ಟು ತೆಳುವಾಗಿಸಿದರೆ ಸಾಕು. ಪರಿಚಯದ ಕೃಷಿಕರೊಬ್ಬರು ಮಂಜುಗಡ್ಡೆಯಲ್ಲಿಟ್ಟು ತಂದ ರಸದ ಅರ್ಧವನ್ನು ಫ್ರಿಜ್ಜಿನಲ್ಲಿಯೂ ಅರ್ಧವನ್ನು ಹೊರಗೂ ಇಟ್ಟು ನೋಡಿದಾಗ, ತಂಪಿನಲ್ಲಿದ್ದುದರ ಅಳತೆ ಹೆಚ್ಚು ಕಡಿಮೆ ಅಲ್ಲಿಯೇ ನಿಂತಿತು. ಹೊರಗಿದ್ದುದರದ್ದು ಮಧ್ಯಾಹ್ನದ ಹೊತ್ತಿಗೆ ಹಲವು ಪಟ್ಟು ಏರಿ, ನೊರೆ ಕಾಣಿಸಿಕೊಂಡ ಮೇಲೆ ಇಳಿಯತೊಡಗಿತು. ಯೀಸ್ಟ್ ಫ್ರಕ್ಟೋಸಿಗಿಂತ ಗ್ಲೂಕೋಸನ್ನೇ ಮೊದಲು ತಿನ್ನುವುದರಿಂದ ಈ ಇಳಿತ ನಿರೀಕ್ಷಿತವೇ. ಇದರಿಂದ ಒಂದು ತೊಡಕೂ ಇದೆ: ಒಂದೇ ಬಾರಿ ಅಳೆದು ಕಡಿಮೆ ಬಂದರೆ ರಸ ತಾಜಾ ಇದೆಯೋ ಪೂರ್ತಿ ಕಳ್ಳಾಗಿದೆಯೋ ಹೇಳಲಾಗದು. ಪಿಎಚ್ ಕಾಗದವನ್ನು ಜೊತೆಗಿಟ್ಟುಕೊಂಡರೆ ಆ ಸಂದೇಹ ಬಗೆಹರಿಯುತ್ತದೆ, ತಾಜಾ ರಸ ಹುಳಿಯಾಗಿರುವುದಿಲ್ಲವಷ್ಟೆ.

ಮಳೆಗಾಲದ ರಿಪೇರಿ

ಜೂನ್ ಬಂದೊಡನೆ ಹಿನ್ನೆಲೆ ಪ್ರವಾಹ ಹೊಯ್ದಾಡತೊಡಗಿತು. ಎಲೆಕ್ಟ್ರೋಡುಗಳನ್ನು ಕಳಚಿ, ಅವುಗಳ ಜಾಗದಲ್ಲಿ 1 ಮೆಗಾಓಮ್ ರೋಧಗಳನ್ನು ಕಟ್ಟಿ ನೋಡಿದಾಗಲೂ ಹೊಯ್ದಾಟ ನಿಲ್ಲದೆ ಇದ್ದುದರಿಂದ ದೋಷ ರಸಾಯನದಲ್ಲಿಲ್ಲ, ಬೋರ್ಡಿನಲ್ಲಿದೆಯೆಂದು ಖಚಿತವಾಯಿತು. ಬೆಸುಗೆಯ ಫ್ಲಕ್ಸ್ ಉಳಿಕೆ ತೇವ ಹೀರಿ, ಆಧಾರ ಎಲೆಕ್ಟ್ರೋಡಿನ ಪಿನ್ನಿನಿಂದ ಪಕ್ಕದ ಪಿನ್ನಿಗೆ ಪ್ರವಾಹ ಸೋರುತ್ತಿತ್ತು. ಹಲ್ಲುಜ್ಜುವ ಬ್ರಶ್ಶಿನಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಉಜ್ಜಿ, ಹೇರ್ ಡ್ರೈಯರಿನಿಂದ ಒಣಗಿಸಿ, ತೇವ ತಡೆಯುವ ಕನ್ಫಾರ್ಮಲ್ ಲೇಪ ಹಚ್ಚಿ, ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟ ಮೇಲೆ ಸರಿಯಾಯಿತು. ಹಸಿರು ಕಿಲುಬು ಹಿಡಿದಿದ್ದ ಮೊಸಳೆ ಕ್ಲಿಪ್ಪುಗಳನ್ನು ಎಸೆದು ಚಿನ್ನದ ಲೇಪವಿರುವ ಪಿನ್ ಸಾಕೆಟ್ ಹಾಕಿದೆ.

ಎಲೆಕ್ಟ್ರೋಡ್ ಸವೆಯುವ ಕಾರಣ ಬೇರೆ. ಪೆರಾಕ್ಸೈಡ್ ಅಪಕರ್ಷಣೆಗೊಂಡಾಗ ಹುಟ್ಟುವುದು ಹೈಡ್ರಾಕ್ಸೈಡ್ ಅಯಾನು. ಬಫರಿನ ಪಿಎಚ್ 6 ಇದ್ದರೂ ಪದರದ ಒಳಗಡೆ ಕ್ಷಾರ ಹೆಚ್ಚಿ ಪ್ರಷ್ಯನ್ ಬ್ಲೂ ತಾನು ಮಾಡಿದ ಕೆಲಸದಿಂದಲೇ ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ. ಭೂತಗನ್ನಡಿಯಲ್ಲಿ ತುದಿಯ ನೀಲಿ ತೇಪೆತೇಪೆಯಾಗಿ ಮಾಸಿರುವುದು ಕಂಡರೆ ಆ ಕಡ್ಡಿಯನ್ನು ಬದಲಿಸಬೇಕು. ಬಳಸದಿರುವಾಗ ಒಣಗಿಸಿ 4 ಡಿಗ್ರಿಯಲ್ಲಿಡುವುದು, ಪ್ರತಿ ಅಳತೆಯ ಹಿಂದೆ ಮುಂದೆ, ಅಳತೆಯ ಉಷ್ಣತೆಯಲ್ಲಿಯೇ, ಮಾಪನಾಂಕನ ಮಾಡುವುದು, ಇವೆರಡನ್ನೂ ಪಾಲಿಸುತ್ತಿದ್ದೇನೆ. ನೀಲಿಯ ಮೇಲೆ ನಿಕ್ಕಲ್ ಹೆಕ್ಸಸಯನೋಫೆರೇಟಿನ ತೆಳು ಪದರ ಕೂರಿಸಿದರೆ ಬಾಳಿಕೆ ಹೆಚ್ಚುತ್ತದೆಯೆಂಬುದು ತಿಳಿದ ವಿಷಯ. ಮುಂದಿನ ಕಡ್ಡಿಗಳಲ್ಲಿ ಅರ್ಧಕ್ಕೆ ಆ ಪದರ ಹಾಕಿ, ಉಳಿದರ್ಧವನ್ನು ಹೋಲಿಕೆಗೆ ಇಟ್ಟುಕೊಂಡು ಅಳೆಯಲಿದ್ದೇನೆ.